ಭಾವನ ಹೆಸರಿನ ಕಾರು, ಅಕ್ಕನ ಕೈಯ ಸ್ಟೇರಿಂಗ್

2024ರ ಜುಲೈ 18, ಗುರುವಾರ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಉಡುಪಿಯಿಂದ ಅಕ್ಕನ ಫೋನ್ ಬಂತು.

“ಕಾರಿನ ಮೇಲೆ ತೆಂಗಿನಕಾಯಿ ಬಿದ್ದಿದೆ ಮಾರಾಯ. ಎದುರಿನ ಗ್ಲಾಸು ಹೋಯ್ತು, ಬಾನೆಟ್ ಕೂಡ ಗುಳಿ ಬಿದ್ದಿದೆ. ಇನ್ಶೂರೆನ್ಸ್ ಉಂಟಲ್ಲ, ಮುಂದೆ ಎಂತ ಮಾಡ್ಬೇಕು ಹೇಳು.”

ಇನ್ಶೂರೆನ್ಸ್ ಇತ್ತು. ಆದರೆ ತೆಂಗಿನಕಾಯಿಗೆ ಬೇಕಾದ ಇನ್ಶೂರೆನ್ಸ್ ಇರಲಿಲ್ಲ. ಅದು ಮುಗಿದು 36 ದಿನ ಆಗಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ಮಸ್ಕತ್‌ನಲ್ಲಿರುವ ಭಾವನಿಗೂ ಗೊತ್ತಿರಲಿಲ್ಲ.

ನಾನು ಮಂಗಳೂರಿನಲ್ಲಿ ವಾಹನಗಳ ನಷ್ಟ ಅಂದಾಜು ಮಾಡುವ ಒಬ್ಬರು ಇನ್ಶೂರೆನ್ಸ್ ಸರ್ವೇಯರ್ ಹತ್ತಿರ ಆರು ವರ್ಷ ಕೆಲಸ ಮಾಡಿದವನು. ಕ್ಲೇಮ್ ಫೈಲು ಜೋಡಿಸುವುದು, ಫೋಟೋ ತೆಗೆಯುವುದು, ಗ್ಯಾರೇಜಿನ ಎಸ್ಟಿಮೇಟ್ ಜೊತೆ ತಲೆ ಒಡೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಊರವರ ಪಾಲಿಸಿಯನ್ನೆಲ್ಲ ಓದಿದವನು ಅಕ್ಕನ ಮನೆಯ ಕಾರಿನ ಪಾಲಿಸಿಯನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮುಂದಿನದ್ದನ್ನು ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮನೆಯ ಪರಿಸ್ಥಿತಿ

ಅಕ್ಕನ ಮನೆ ಅಂಬಾಗಿಲಿನ ಹತ್ತಿರ. ಕೆಲಸ ಮಣಿಪಾಲದಲ್ಲಿ. ಮಕ್ಕಳು ಇಬ್ಬರು, ದೊಡ್ಡವಳಿಗೆ ಒಂಬತ್ತು, ಸಣ್ಣವನಿಗೆ ನಾಲ್ಕು. ಮನೆಯಲ್ಲಿ ಮಂಡಿನೋವಿನ ಅತ್ತೆ. ಭಾವ ಹತ್ತು ವರ್ಷದಿಂದ ಗಲ್ಫಿನಲ್ಲಿ, ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ.

ಬೆಳಿಗ್ಗೆ ಏಳೂವರೆಗೆ ಕಾರು ಹೊರಡಬೇಕು. ದೊಡ್ಡವಳನ್ನು ಉಡುಪಿ ಪೇಟೆಯ ಶಾಲೆಗೆ ಬಿಟ್ಟು, ಸಣ್ಣವನನ್ನು ಎಲ್‌ಕೆಜಿಗೆ ಬಿಟ್ಟು, ಕಲ್ಸಂಕದಲ್ಲಿ ಕಾದು, ಇಂದ್ರಾಳಿಯಲ್ಲಿ ಮತ್ತೆ ಕಾದು, ಒಂಬತ್ತೂ ಕಾಲಿಗೆ ಮಣಿಪಾಲ. ಸಂಜೆ ಅದೇ ದಾರಿ ತಿರುಗಾ. ನಡುವೆ ಅತ್ತೆಯ ಫಿಸಿಯೋಥೆರಪಿ, ಮಗಳ ಭರತನಾಟ್ಯ ಕ್ಲಾಸು. ಮಳೆಗಾಲದಲ್ಲಿ ಡಿಸಿಯವರು ರಜೆ ಘೋಷಿಸಿದರೋ ಇಲ್ಲವೋ ಅಂತ ಬೆಳಿಗ್ಗೆ ಆರು ಗಂಟೆಯಿಂದ ಮೊಬೈಲ್ ನೋಡುವುದು ಬೇರೆ.

ಇಷ್ಟೆಲ್ಲ ಓಡುವುದು ಅಕ್ಕನ ಕೈಯಲ್ಲಿ. ಆದರೆ ಆರ್‌ಸಿ ಭಾವನ ಹೆಸರಿನಲ್ಲಿ. ಲೋನ್ ಅವರ ಹೆಸರಿನಲ್ಲಿ. ಪಾಲಿಸಿ ಅವರ ಹೆಸರಿನಲ್ಲಿ. ಪಾಲಿಸಿಯಲ್ಲಿ ಬರೆಸಿದ ಮೊಬೈಲ್ ನಂಬರು ಅವರ ಊರಿನ ಸಿಮ್ಮಿನದ್ದು. ಆ ಸಿಮ್ಮು ವರ್ಷದಲ್ಲಿ ಹನ್ನೊಂದು ತಿಂಗಳು ಮಸ್ಕತ್‌ನ ಒಂದು ರೂಮಿನಲ್ಲಿ, ಪರ್ಸಿನ ಒಳಗೆ, ರೀಚಾರ್ಜ್ ಇಲ್ಲದೆ ಮಲಗಿರುತ್ತದೆ. ರಿನೀವಲ್ ನೆನಪಿಸುವ ಮೆಸೇಜ್, ಫೋನ್ ಎಲ್ಲ ಹೋಗುತ್ತಿದ್ದದ್ದು ಅಲ್ಲಿಗೆ. ಈಮೇಲ್ ಕೂಡ ಭಾವನದ್ದೇ. ಅದರಲ್ಲಿ ಕಂಪನಿಯ ಪತ್ರ ಮೂರು ಸಲ ಬಂದಿತ್ತು, ಮಾರಾಟದ ಈಮೇಲ್‌ಗಳ ರಾಶಿಯಲ್ಲಿ ಹೂತುಹೋಗಿತ್ತು ಅಂತ ಆಮೇಲೆ ಗೊತ್ತಾಯಿತು.

ಕರಾವಳಿಯಲ್ಲಿ ಇಂಥ ಮನೆ ಎಷ್ಟಿವೆ ಅಂತ ನಾನು ಹೇಳಬೇಕಾಗಿಲ್ಲ. ಕೇರಿಗೆ ಒಂದಾದರೂ ಇರುತ್ತದೆ, ಅಲ್ವಾ?

ಮೂರು ವರ್ಷ ಅಂದದ್ದು ಯಾವುದಕ್ಕೆ?

ಕಾರು ಕೊಂಡದ್ದು 2022ರ ಜೂನ್ 13ಕ್ಕೆ. 1197 ಸಿಸಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೀಲಿ ಕೊಡುವಾಗ ಶೋರೂಮಿನವರು “ಮೂರು ವರ್ಷದ ಇನ್ಶೂರೆನ್ಸ್ ಆಗಿದೆ ಮೇಡಂ” ಅಂದಿದ್ದರು. ಆ ವಾಕ್ಯ ಅಕ್ಕನ ತಲೆಯಲ್ಲಿ ಹಾಗೇ ಕೂತಿತ್ತು. ಡ್ಯಾಶ್‌ಬೋರ್ಡಿನಲ್ಲಿಟ್ಟ ಪ್ಲಾಸ್ಟಿಕ್ ಕವರಿನ ಪಾಲಿಸಿಯಲ್ಲಿಯೂ 12-06-2025 ಅಂತ ತಾರೀಕು ಇತ್ತು. ಹಾಗಾಗಿ 2025ರ ತನಕ ತಲೆಬಿಸಿ ಇಲ್ಲ ಅಂದುಕೊಂಡಿದ್ದಳು.

ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕಾರಿನ ಪಾಲಿಸಿಯಲ್ಲಿ ಎರಡು ಭಾಗ. ನಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ಥರ್ಡ್ ಪಾರ್ಟಿ. ನಮ್ಮ ಕಾರಿಗೇ ಆದ ನಷ್ಟಕ್ಕೆ ಓನ್ ಡ್ಯಾಮೇಜ್. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿದ್ದು ಥರ್ಡ್ ಪಾರ್ಟಿಯನ್ನು ಮಾತ್ರ. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟಿನ ನಿರ್ದೇಶನದ ಮೇರೆಗೆ, ಹೊಸ ಕಾರಿಗೆ ಮೂರು ವರ್ಷದ್ದು, ಹೊಸ ದ್ವಿಚಕ್ರಕ್ಕೆ ಐದು ವರ್ಷದ್ದು ಥರ್ಡ್ ಪಾರ್ಟಿ ಒಟ್ಟಿಗೇ ತೆಗೆದುಕೊಳ್ಳಬೇಕು ಅಂತಾಯಿತು. ಶುರುವಿನಲ್ಲಿ ಓನ್ ಡ್ಯಾಮೇಜ್ ಕೂಡ ಮೂರು ವರ್ಷಕ್ಕೆ ಕೊಡುವ ಪ್ಯಾಕೇಜ್ ಇತ್ತು. 2020ರ ಆಗಸ್ಟ್ 1ರಿಂದ ಅದನ್ನು ನಿಲ್ಲಿಸಿದರು. ಆಮೇಲೆ ಕೊಂಡ ಕಾರಿಗೆ ಸಾಮಾನ್ಯವಾಗಿ ಸಿಗುವುದು ಮೂರು ವರ್ಷದ ಥರ್ಡ್ ಪಾರ್ಟಿ, ಒಂದೇ ವರ್ಷದ ಓನ್ ಡ್ಯಾಮೇಜ್.

ಒಂದೇ ಕಾಗದ, ಎರಡು ತಾರೀಕು. ಅಕ್ಕ ನೋಡಿದ್ದು ದೂರದ ತಾರೀಕನ್ನು.

ಹಾಗಾದರೆ 2023ರಲ್ಲಿ ಏನಾಗಿತ್ತು? ಆಗ ಜೂನ್‌ನಲ್ಲಿ ಭಾವ ರಜೆಯಲ್ಲಿ ಊರಲ್ಲಿದ್ದರು. ಸಿಮ್ಮು ಜೀವಂತ ಇತ್ತು. ಶೋರೂಮಿನಿಂದ ಫೋನ್ ಬಂತು, ಅವರು ಒಂದು ವರ್ಷದ ಓನ್ ಡ್ಯಾಮೇಜ್ ಕಟ್ಟಿದರು, ಪಿಡಿಎಫ್ ಮೇಲ್‌ನಲ್ಲೇ ಉಳಿಯಿತು. ಅಕ್ಕನಿಗೆ ಹೇಳಿದ್ದರೋ ಇಲ್ಲವೋ ಇಬ್ಬರಿಗೂ ನೆನಪಿಲ್ಲ. 2024ರಲ್ಲಿ ರಜೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಜೂನ್ 12ರ ಮಧ್ಯರಾತ್ರಿ ಪಾಲಿಸಿ ಮುಗಿಯುವಾಗ ಅವರು ಮಸ್ಕತ್‌ಗೆ ವಾಪಸಾಗಿದ್ದರು. ಆ ವಾರ ಅಕ್ಕ ಎರಡು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದಳು.

ಒಂದು ಸಮಾಧಾನ ಇತ್ತು. ಥರ್ಡ್ ಪಾರ್ಟಿ ಚಾಲ್ತಿಯಲ್ಲಿದ್ದ ಕಾರಣ ಅವಳು ಓಡಿಸಿದ್ದು ಕಾನೂನಿಗೆ ವಿರುದ್ಧ ಅಲ್ಲ. ಅದೂ ಮುಗಿದಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳ ತನಕ ಜೈಲು, ಅಥವಾ ಎರಡೂ. ದಂಡಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ಯಾರಿಗಾದರೂ ಪೆಟ್ಟಾದರೆ ಟ್ರಿಬ್ಯೂನಲ್ ಹೇಳಿದ ಪರಿಹಾರವನ್ನು ಮನೆಯಿಂದ ಕೊಡಬೇಕಾಗುತ್ತಿತ್ತು. ಅಂಥ ಫೈಲು ನಾನು ಎರಡು ನೋಡಿದ್ದೇನೆ. ಮತ್ತೆ ನೋಡುವ ಆಸೆ ಇಲ್ಲ.

ಗ್ಯಾರೇಜಿನಲ್ಲಿ ಸಿಕ್ಕಿದ ಸಲಹೆ

ಗ್ಯಾರೇಜಿನವರು ಪಾಲಿಸಿ ಕೇಳಿದರು. ಅಕ್ಕ ಡ್ಯಾಶ್‌ಬೋರ್ಡಿನ ಕವರಿನ ಫೋಟೋ ವಾಟ್ಸಾಪ್ ಮಾಡಿದಳು. ಅವರು ಹತ್ತೇ ನಿಮಿಷದಲ್ಲಿ ಫೋನ್ ಮಾಡಿ “ಮೇಡಂ, ಇದರಲ್ಲಿ ಓಡಿ ಇಲ್ಲ, ಟಿಪಿ ಮಾತ್ರ” ಅಂದರು. ಓಡಿ ಅಂದರೆ ಓನ್ ಡ್ಯಾಮೇಜ್, ಟಿಪಿ ಅಂದರೆ ಥರ್ಡ್ ಪಾರ್ಟಿ. ನಾನು ಭಾವನ ಈಮೇಲ್ ಹುಡುಕಿಸಿದೆ. 2023ರ ಪಾಲಿಸಿ ಸಿಕ್ಕಿತು. ಕೊನೆಯ ದಿನ 12-06-2024.

ಆ ವಾರ ಕರಾವಳಿಯವರ ಮನಸ್ಸೆಲ್ಲ ಬೇರೆ ಕಡೆ ಇತ್ತು. ಜುಲೈ 16ಕ್ಕೆ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಿತ್ತು. ಅದರ ಮುಂದೆ ಒಂದು ಗ್ಲಾಸು ಎಂತದು ಅಂತ ಅಕ್ಕನೇ ಅಂದಳು. ಆದರೂ ಕಾರು ಇಲ್ಲದೆ ನಾಳೆ ಬೆಳಿಗ್ಗೆ ಏಳೂವರೆ ಹೇಗೆ ಸಾಗುತ್ತದೆ ಅನ್ನುವುದು ನಿಜವಾದ ಪ್ರಶ್ನೆ.

ಎಸ್ಟಿಮೇಟ್ ಬಂತು. ಎದುರಿನ ಗ್ಲಾಸು ಮತ್ತು ಕೂರಿಸುವ ಖರ್ಚು 7,800. ಬಾನೆಟ್ ಟಿಂಕರಿಂಗ್, ಪೇಂಟಿಂಗ್ 6,500. ಒಟ್ಟು 14,300 ರೂಪಾಯಿ.

ಜೊತೆಗೆ ಒಂದು ಸಲಹೆಯೂ ಬಂತು. ಗ್ಯಾರೇಜಿನಲ್ಲಿ ಕೂತಿದ್ದ ಒಬ್ಬರು ಏಜೆಂಟ್ “ಇವತ್ತೇ ಪಾಲಿಸಿ ಮಾಡಿಸುವ, ಇನ್‌ಸ್ಪೆಕ್ಷನ್ ನಾನು ನೋಡ್ಕೊಳ್ತೇನೆ. ಒಂದು ವಾರ ಬಿಟ್ಟು ತೆಂಗಿನಕಾಯಿ ಬಿತ್ತು ಅಂತ ಹೇಳಿದ್ರೆ ಆಯ್ತು” ಅಂದರಂತೆ. ಅಕ್ಕ ನನ್ನನ್ನು ಕೇಳಿದಳು. ನಾನು ಬೈದೆ. ಸರ್ವೇಯರಿಗೆ ಬರುವ ಮೊದಲ ಅನುಮಾನವೇ ಇದು: ಪಾಲಿಸಿ ಶುರುವಾದ ವಾರದಲ್ಲೇ ಕ್ಲೇಮ್ ಹೇಗೆ ಬಂತು? ಫೋಟೋದಲ್ಲಿ ಸಮಯ, ಜಾಗ ಎರಡೂ ಇರುತ್ತವೆ. ಒಡೆದ ಗ್ಲಾಸಿನ ಅಂಚಿನಲ್ಲಿ ಕೂತ ಧೂಳು, ಪಾಚಿ ಕೂಡ ಮಾತಾಡುತ್ತವೆ. ಸಿಕ್ಕಿಬಿದ್ದರೆ ಕ್ಲೇಮ್ ಮಾತ್ರ ಅಲ್ಲ, ಪಾಲಿಸಿಯೇ ಹೋಗುತ್ತದೆ. ಸಿಕ್ಕಿಬೀಳುವುದು ಏಜೆಂಟ್ ಅಲ್ಲ, ಸಹಿ ಹಾಕಿದ ಭಾವ.

ಹಾಗಾಗಿ 14,300 ಕೈಯಿಂದ ಕೊಡುವುದು ಅಂತ ತೀರ್ಮಾನ ಆಯಿತು. ಮೊದಲು ರಿಪೇರಿ, ಆಮೇಲೆ ಪಾಲಿಸಿ. ಒಡೆದ ಗ್ಲಾಸು ಇಟ್ಟುಕೊಂಡು ಇನ್‌ಸ್ಪೆಕ್ಷನ್ ಮಾಡಿಸಿದರೆ ಆ ಹಾನಿಯನ್ನು ಬರೆದುಕೊಳ್ಳುತ್ತಾರೆ, ಅಥವಾ ಸರಿ ಮಾಡಿಸಿ ಬನ್ನಿ ಅನ್ನುತ್ತಾರೆ.

90 ದಿನದ ತಪ್ಪು ಲೆಕ್ಕ

ಅಕ್ಕನ ಆಫೀಸಿನಲ್ಲಿ ಒಬ್ಬರು ಧೈರ್ಯ ಹೇಳಿದ್ದರು: “90 ದಿನ ಟೈಮ್ ಉಂಟು, ಗಡಿಬಿಡಿ ಬೇಡ.” ಈ ಮಾತನ್ನು ನಾನು ಮಂಗಳೂರಿನಲ್ಲಿಯೂ ನೂರು ಸಲ ಕೇಳಿದ್ದೇನೆ. ವಿದ್ಯಾವಂತರೇ ಹೇಳುತ್ತಾರೆ.

ಆ 90 ದಿನ ಇರುವುದು ನೋ ಕ್ಲೇಮ್ ಬೋನಸ್ಸಿಗೆ. ಕಾರಿನ ರಕ್ಷಣೆಗೆ ಒಂದು ದಿನವೂ ಇಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ. ಜೀವವಿಮೆಯ ಕಂತಿಗೆ ಇರುವ ಹಾಗೆ ಇಲ್ಲಿ ಮುಗಿದ ಮೇಲಿನ ರಿಯಾಯಿತಿ ದಿನಗಳು ಇರುವುದಿಲ್ಲ. ಜೂನ್ 12ರ ರಾತ್ರಿ ಹನ್ನೆರಡಕ್ಕೆ ಮುಗಿದರೆ, ಹನ್ನೆರಡೂ ಐದಕ್ಕೆ ಬಿದ್ದ ಕಾಯಿ ನಮ್ಮದೇ.

ಬೋನಸ್ಸಿನ ಏಣಿ ಹೀಗೆ: ಕ್ಲೇಮ್ ಇಲ್ಲದ ಮೊದಲ ವರ್ಷದ ನಂತರ 20 ಶೇಕಡಾ, ಆಮೇಲೆ 25, 35, 45, ಕೊನೆಗೆ 50. ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಇಷ್ಟು ಕಡಿತ. ಥರ್ಡ್ ಪಾರ್ಟಿಯಲ್ಲಿ ಇಲ್ಲ. ಒಂದು ಕ್ಲೇಮ್ ಮಾಡಿದರೆ ಏಣಿಯ ಬುಡಕ್ಕೆ. ಪಾಲಿಸಿ ಮುಗಿದು 90 ದಿನದೊಳಗೆ ಹೊಸದು ಮಾಡಿಸದಿದ್ದರೂ ಬುಡಕ್ಕೆ. ಭಾವನಿಗೆ ಈಗ 25 ಸಿಗಬೇಕಿತ್ತು. ಅದರ ಕೊನೆಯ ದಿನ ಸೆಪ್ಟೆಂಬರ್ 10. ಕ್ಯಾಲೆಂಡರಿನಲ್ಲಿ ಸಮಯ ಜಾಸ್ತಿಯೇ ಇತ್ತು. ಆದರೆ ಅಲ್ಲಿಯ ತನಕ ಪ್ರತಿ ದಿನವೂ ಕಾರು ಮಳೆಯಲ್ಲಿ, ರಕ್ಷಣೆ ಇಲ್ಲದೆ.

ತೆಂಗಿನಕಾಯಿಯ ಖರ್ಚನ್ನು ನಾವೇ ಕೊಟ್ಟದ್ದರಿಂದ ಅದು ಕ್ಲೇಮ್ ಲೆಕ್ಕಕ್ಕೆ ಬರಲಿಲ್ಲ, ಬೋನಸ್ ಉಳಿಯಿತು. ಇದನ್ನು ಹೇಳಿದಾಗ ಅಕ್ಕ “ಬಿದ್ದದ್ದೂ ನಮ್ಮ ತಲೆಗೆ, ಬೋನಸ್ಸೂ ನಮಗೆ” ಅಂತ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಒಟಿಪಿ ಮಸ್ಕತ್‌ಗೆ ಹೋಯಿತು

ಹಳೆಯ ಕಂಪನಿಯಲ್ಲೇ ಮುಂದುವರಿಸೋಣ ಅಂತ ಆನ್‌ಲೈನ್‌ನಲ್ಲಿ ಕೂತೆವು. ಅಂದರೆ ನಾನು ಮಂಗಳೂರಿನಲ್ಲಿ, ಅಕ್ಕ ಉಡುಪಿಯ ಅಡುಗೆಮನೆಯಲ್ಲಿ, ಭಾವ ಮಸ್ಕತ್‌ನ ಸೈಟಿನಲ್ಲಿ. ಪಾಲಿಸಿ ನಂಬರು ಹಾಕಿದ ಕೂಡಲೇ ಒಟಿಪಿ ಕೇಳಿತು. ಒಟಿಪಿ ಹೋಗಿದ್ದು ಸತ್ತ ಸಿಮ್ಮಿಗೆ.

ರೀಚಾರ್ಜ್ ಮಾಡಿದೆವು. ಭಾವ ಆ ಸಿಮ್ಮನ್ನು ಹಳೆಯ ಫೋನಿಗೆ ಹಾಕಿದರು. ರೋಮಿಂಗ್ ಆನ್ ಆಗಿರಲಿಲ್ಲ. ಅದನ್ನು ಆನ್ ಮಾಡಲು ಮತ್ತೊಂದು ಒಟಿಪಿ, ಅದೂ ಅದೇ ಸಿಮ್ಮಿಗೆ. ಬಾವಿಗೆ ಬಿದ್ದ ಹಗ್ಗವನ್ನು ತೆಗೆಯಲು ಅದೇ ಹಗ್ಗ ಬೇಕು ಅಂದ ಹಾಗಾಯಿತು. ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಕ್ಕ ಮಕ್ಕಳನ್ನು ಮಲಗಿಸಿ ಒಂಬತ್ತೂವರೆಗೆ ಬಿಡುವಾಗುವಾಗ ಅವರಿಗೆ ಎಂಟು ಗಂಟೆ, ಊಟದ ಹೊತ್ತು. ಬೆಳಿಗ್ಗೆ ಅವರು ಬಿಡುವಾಗಿದ್ದರೆ ಅಕ್ಕ ಕಲ್ಸಂಕದಲ್ಲಿ. ಹೀಗೆ ಎರಡು ದಿನ ಕಳೆಯಿತು.

ಇದಕ್ಕೆ ಕೆವೈಸಿ ಬೇರೆ ಸೇರಿತು. 2023ರ ಜನವರಿ 1ರಿಂದ ಹೊಸ ಪಾಲಿಸಿಗೆ ಕೆವೈಸಿ ಕಡ್ಡಾಯ. ಕಾರು ಯಾರ ಹೆಸರಿನಲ್ಲಿದೆಯೋ ಅವರದ್ದೇ ಬೇಕು. ಆಧಾರ್ ಮೂಲಕ ಹೋದರೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ. ಅದು ಯಾವ ಮೊಬೈಲ್ ಅಂತ ಊಹಿಸಬಹುದು.

ಕೊನೆಗೆ ದಾರಿ ತೋರಿಸಿದ್ದು ಕಸ್ಟಮರ್ ಕೇರಿನ ಒಬ್ಬರು ತಾಳ್ಮೆಯ ಹುಡುಗಿ. ಆಧಾರ್ ಬಿಟ್ಟು ಪಾನ್ ನಂಬರು, ಹುಟ್ಟಿದ ತಾರೀಕು ಹಾಕಿ ನೋಡಿ ಅಂದಳು. ಭಾವನ ವಿವರ ಬ್ಯಾಂಕಿನ ಮೂಲಕ ಮೊದಲೇ ಕೇಂದ್ರ ಕೆವೈಸಿ ದಾಖಲೆಯಲ್ಲಿ ಇತ್ತು. ಅರ್ಧ ನಿಮಿಷದಲ್ಲಿ ಬಂತು. ಲಾಗಿನ್ ಮಾಡದೆ, ಕಾರಿನ ನಂಬರಿನಿಂದಲೇ ಹೊಸದಾಗಿ ಕೊಟೇಶನ್ ತೆಗೆದೆವು. ಸಂಪರ್ಕದ ಮೊಬೈಲ್ ಅನ್ನುವ ಜಾಗದಲ್ಲಿ ಅಕ್ಕನ ನಂಬರು ಹಾಕಿದೆವು. ಈಮೇಲ್ ಕೂಡ ಅವಳದ್ದು. ಪಾಲಿಸಿ ಯಾರ ಹೆಸರಿನಲ್ಲೇ ಇರಲಿ, ಮೆಸೇಜ್ ಹೋಗಬೇಕಾದ್ದು ಕಾರು ಓಡಿಸುವವರ ಫೋನಿಗೆ. ಇಡೀ ಪ್ರಕರಣದಲ್ಲಿ ತಪ್ಪಿದ್ದೇ ಇಷ್ಟು ಅಂತ ನನ್ನ ಅಭಿಪ್ರಾಯ. “ಅವಳಿಗೆ ಪುರುಸೊತ್ತು ಇಲ್ಲ, ಹಾಗೆ ಮರೆತಳು” ಅಂತ ನಮ್ಮ ಅಮ್ಮ ಹೇಳಿದ್ದು ನನಗೆ ಒಪ್ಪಿಗೆಯಿಲ್ಲ. ಯಾರೂ ತಿಳಿಸದ ಸಂಗತಿಯನ್ನು ಮರೆಯುವುದು ಹೇಗೆ?

ಮಳೆಯಲ್ಲಿ ವಿಡಿಯೋ

ಗ್ಲಾಸು ಮಂಗಳೂರಿನಿಂದ ಬರಬೇಕಿತ್ತು. ರಿಪೇರಿ ಮುಗಿದು ಕಾರು ಮನೆಗೆ ಬಂದದ್ದು ಜುಲೈ 24ಕ್ಕೆ. ನಡುವೆ ಆರು ದಿನ ರಿಕ್ಷಾ, ದಿನಕ್ಕೆ 450ರ ಹಾಗೆ 2,700 ರೂಪಾಯಿ.

ಓನ್ ಡ್ಯಾಮೇಜ್ ಮುಗಿದ ಮೇಲೆ ಹೊಸದು ಬೇಕಾದರೆ ಕಾರನ್ನು ನೋಡದೆ ಕೊಡುವುದಿಲ್ಲ. ಮೊದಲಿನ ಹಾಗೆ ಆಳು ಬರುವುದು ಕಡಿಮೆ. ಫೋನಿಗೆ ಒಂದು ಲಿಂಕ್ ಬರುತ್ತದೆ, ನಾವೇ ವಿಡಿಯೋ ತೆಗೆದು ಕಳಿಸಬೇಕು. ನಾಲ್ಕೂ ಬದಿ, ನಂಬರ್ ಪ್ಲೇಟ್, ಎದುರಿನ ಗ್ಲಾಸು ಒಳಗಿನಿಂದ ಮತ್ತು ಹೊರಗಿನಿಂದ, ಚಾಸಿಸ್ ನಂಬರು, ಓಡೋಮೀಟರ್.

25ರ ಸಂಜೆ ಆರಕ್ಕೆ ಅಕ್ಕ ವಿಡಿಯೋ ತೆಗೆದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್. ಸಣ್ಣವನು ಹಿಂದಿನ ಸೀಟಿನಲ್ಲಿ ಕೂತು ಕಿಟಿಕಿಯಿಂದ ಕೈ ಬೀಸುತ್ತಿದ್ದ. ರಾತ್ರಿ ಉತ್ತರ ಬಂತು: ತಿರಸ್ಕೃತ. ಗ್ಲಾಸಿನ ಮೇಲೆ ನೀರು, ಬೆಳಕು ಸಾಲದು, ಚಾಸಿಸ್ ನಂಬರು ಓದಲಾಗುತ್ತಿಲ್ಲ. ಮಗು ಇದ್ದದ್ದಕ್ಕೆ ಏನೂ ಹೇಳಿರಲಿಲ್ಲ.

ಮರುದಿನ ಅವಳು ಆಫೀಸಿನ ಪಾರ್ಕಿಂಗ್‌ನಲ್ಲಿ, ಮಾಡಿನ ಕೆಳಗೆ, ಊಟದ ಬಿಡುವಿನಲ್ಲಿ ಮತ್ತೆ ತೆಗೆದಳು. ಹಳೆಯ ಬೈರಾಸಿನಿಂದ ಕಾರು ಒರೆಸಿ, ಚಾಸಿಸ್ ನಂಬರಿನ ಜಾಗಕ್ಕೆ ಸಹೋದ್ಯೋಗಿಯ ಫೋನಿನ ಟಾರ್ಚ್ ಹಿಡಿದು. ಐದು ನಿಮಿಷದ ಕೆಲಸ. ಮೂರು ಗಂಟೆಗೆ ಒಪ್ಪಿಗೆ ಬಂತು. ಹಣ ಕಟ್ಟಲು 24 ಗಂಟೆ ಗಡುವು, ದಾಟಿದರೆ ಮತ್ತೆ ವಿಡಿಯೋ. ಅವಳು ಕಾಯಲಿಲ್ಲ. ಮೂರೂ ಹತ್ತಕ್ಕೆ ಯುಪಿಐಯಲ್ಲಿ ಕಟ್ಟಿಬಿಟ್ಟಳು. ಪಾಲಿಸಿ ಶುರು ಜುಲೈ 27. ಜೂನ್ 13ರಿಂದ ಲೆಕ್ಕ ಹಾಕಿದರೆ 44 ದಿನ ಕಾರು ಬೇಲಿಯಿಲ್ಲದೆ ಓಡಿತ್ತು.

ಏನು ತೆಗೆದುಕೊಂಡೆವು, ಏನು ಬಿಟ್ಟೆವು

ಪ್ರೀಮಿಯಂ ಕಡಿಮೆ ಮಾಡುವ ಸುಲಭ ದಾರಿ ಐಡಿವಿ ಇಳಿಸುವುದು. ಕಾರು ಕಳುವಾದರೆ ಅಥವಾ ಪೂರ್ತಿ ಹೋದರೆ ಸಿಗುವ ಗರಿಷ್ಠ ಮೊತ್ತ ಅದು. ಎರಡು ವರ್ಷ ದಾಟಿ ಮೂರು ತುಂಬದ ಕಾರಿಗೆ ಕಂಪನಿ ಬೆಲೆಯಲ್ಲಿ 30 ಶೇಕಡಾ ಕಳೆಯುತ್ತಾರೆ. 7,80,000ದ ಕಾರಿಗೆ 5,46,000. ಒಂದು ಕೊಟೇಶನ್ನಿನಲ್ಲಿ 4,60,000 ಹಾಕಿ ಸುಮಾರು 700 ರೂಪಾಯಿ ಕಡಿಮೆ ತೋರಿಸಿದ್ದರು. 700 ಉಳಿಸಲು 86,000 ಬಿಡುವುದು. ಲೋನ್ ಇನ್ನೂ ಬಾಕಿ ಇರುವ ಕಾರಿಗೆ ಅದು ಬೇಡ ಅಂದೆ. ರಿಪೇರಿ ಖರ್ಚು ಐಡಿವಿಯ 75 ಶೇಕಡಾ ದಾಟಿದರೆ ಪೂರ್ತಿ ನಷ್ಟ ಅಂತ ಲೆಕ್ಕ, ಹಣ ಮೊದಲು ಹೋಗುವುದು ಬ್ಯಾಂಕಿಗೆ.

ಬಂಪರ್ ಟು ಬಂಪರ್ ಅನ್ನುವ ಆ್ಯಡ್-ಆನ್, ಅಂದರೆ ಹೆಚ್ಚುವರಿ ರಕ್ಷಣೆ, ತೆಗೆದುಕೊಂಡೆವು. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಹಣ ನಮ್ಮದು, ಮತ್ತು ಈಗಿನ ಕಾರುಗಳಲ್ಲಿ ಎದುರಿನ ಅರ್ಧವೆಲ್ಲ ಪ್ಲಾಸ್ಟಿಕ್ಕೇ.

ಎಂಜಿನ್ ರಕ್ಷಣೆಯ ಬಗ್ಗೆ ಮಾತ್ರ ನಾನು ಹಟ ಹಿಡಿದೆ. 2018ರ ಮೇ 29ಕ್ಕೆ ಮಂಗಳೂರು ನೀರಲ್ಲಿ ನಿಂತಾಗ ನಮ್ಮ ಆಫೀಸಿಗೆ ಬಂದ ಫೈಲುಗಳು ನೆನಪಿವೆ. 2020ರ ಸೆಪ್ಟೆಂಬರ್ 20ಕ್ಕೆ ಉಡುಪಿಯ ಸರದಿ. ಕಲ್ಸಂಕ, ಬೈಲಕೆರೆ ಕಡೆ ಕಾರುಗಳು ಕಿಟಿಕಿಯ ತನಕ ನೀರಲ್ಲಿದ್ದವು. ನೆರೆಯ ಹಾನಿ ಸಾಮಾನ್ಯ ಓನ್ ಡ್ಯಾಮೇಜ್ ಪಾಲಿಸಿಯಲ್ಲಿ ಸೇರುತ್ತದೆ. ಸೀಟು, ವಯರಿಂಗ್ ಎಲ್ಲ ಕೊಡುತ್ತಾರೆ. ಆದರೆ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ, ಎಂಜಿನ್ನಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗಿದರೆ, ಅದು ನೆರೆಯಿಂದ ಆದದ್ದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅನ್ನುತ್ತಾರೆ. ಆ ಖರ್ಚು ಲಕ್ಷಕ್ಕೆ ಹತ್ತಿರ ಹೋಗುವುದು ನೋಡಿದ್ದೇನೆ. ಅಕ್ಕನಿಗೆ 700 ರೂಪಾಯಿಯ ಆ್ಯಡ್-ಆನ್ ಜೊತೆಗೆ ಒಂದು ಮಾತೂ ಹೇಳಿದೆ: ನೀರಲ್ಲಿ ಕಾರು ನಿಂತರೆ ಕೀಲಿ ಮುಟ್ಟಬೇಡ, ಮಕ್ಕಳನ್ನು ಇಳಿಸಿಕೊಂಡು ನಡೆ, ಎಳೆಯುವ ಗಾಡಿಗೆ ಫೋನ್ ಮಾಡು.

ಟೈರ್ ರಕ್ಷಣೆ, ಕೀಲಿ ರಕ್ಷಣೆ ಎಲ್ಲ ಬಿಟ್ಟೆವು.

ಇನ್ನೊಂದು ಸಂಗತಿ ಕಾಗದ ಓದುವಾಗ ಕಣ್ಣಿಗೆ ಬಿತ್ತು. ಮೊದಲ ಪಾಲಿಸಿಯಲ್ಲಿ ಮಾಲೀಕ-ಚಾಲಕನಿಗೆ 15 ಲಕ್ಷದ ಅಪಘಾತ ವಿಮೆ ಇತ್ತು. ಅಕ್ಕ ಅದು ತನಗೂ ಸೇರಿದ್ದು ಅಂದುಕೊಂಡಿದ್ದಳು. ಅಲ್ಲ. ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಿಗೆ ಮಾತ್ರ. ವರ್ಷದಲ್ಲಿ 330 ದಿನ ಈ ಕಾರು ಓಡಿಸುವವಳಿಗೆ ಏನೂ ಇಲ್ಲ, ಮಸ್ಕತ್‌ನಲ್ಲಿ ಕಂಪನಿ ಬಸ್ಸಿನಲ್ಲಿ ಓಡಾಡುವವರಿಗೆ 15 ಲಕ್ಷ. ಭಾವ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ “ಅವಳ ಹೆಸರಿಗೆ ಬೇರೆ ಮಾಡಿಸು, ಇವತ್ತೇ” ಅಂದರು. ಕಾರಿಗೆ ಸಂಬಂಧವಿಲ್ಲದ, ಅವಳದ್ದೇ ಹೆಸರಿನ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಅದೇ ವಾರ ಆಯಿತು. ನನ್ನ ಕಣ್ಣಿಗೆ ಈ ಪ್ರಕರಣದಲ್ಲಿ ಆದ ದೊಡ್ಡ ಲಾಭ ಇದು. ತೆಂಗಿನಕಾಯಿ ಬೀಳದಿದ್ದರೆ ಆ ಕಾಗದವನ್ನು ಯಾರೂ ಓದುತ್ತಿರಲಿಲ್ಲ.

ನಿಜವಾಗಿ ಎಷ್ಟು ಹೋಯಿತು?

ಕಾರಿನ ಹೊಸ ಪಾಲಿಸಿ: ಮೂಲ ಓನ್ ಡ್ಯಾಮೇಜ್ 8,000. ಬೋನಸ್ 25 ಶೇಕಡಾ ಕಳೆದು 6,000. ಬಂಪರ್ ಟು ಬಂಪರ್ 2,400, ಎಂಜಿನ್ 700. ಒಟ್ಟು 9,100, ಅದರ ಮೇಲೆ 18 ಶೇಕಡಾ ಜಿಎಸ್‌ಟಿ 1,638. ಕಟ್ಟಿದ್ದು 10,738 ರೂಪಾಯಿ. ಇದು ಹೇಗೂ ಕಟ್ಟಬೇಕಾದ ದುಡ್ಡು.

ಅಕ್ಕ 14,300 ನಷ್ಟ ಆಯಿತು ಅಂತ ಬೇಜಾರು ಮಾಡಿಕೊಂಡಿದ್ದಳು. ನಾನು ಲೆಕ್ಕ ಹಾಕಿ ತೋರಿಸಿದೆ. ಪಾಲಿಸಿ ಇದ್ದಿದ್ದರೆ ಕ್ಲೇಮ್ ಮಾಡಬಹುದಿತ್ತು. 1500 ಸಿಸಿ ತನಕದ ಕಾರಿಗೆ ಕಡ್ಡಾಯವಾಗಿ ನಾವು ಭರಿಸಬೇಕಾದ ಪಾಲು 1,000. ಅಲ್ಲಿಗೆ 13,300 ಉಳಿಯುತ್ತಿತ್ತು. ಆದರೆ ಬೋನಸ್ ಹೋಗುತ್ತಿತ್ತು. 2025ರಿಂದ ಮೂರು ವರ್ಷದ ರಿನೀವಲ್ಲಿಗೆ, ಕ್ಲೇಮ್ ಇಲ್ಲದೆ ಹೋದರೆ, 35, 45, 50 ಶೇಕಡಾ ಸಿಗುತ್ತದೆ. ಕ್ಲೇಮ್ ಮಾಡಿದ್ದರೆ ಸೊನ್ನೆ, 20, 25. ಮೂಲ ಪ್ರೀಮಿಯಂ 8,000ದಲ್ಲೇ ನಿಂತಿತು ಅಂತಿಟ್ಟುಕೊಂಡರೆ ಎರಡರ ನಡುವೆ 6,800 ವ್ಯತ್ಯಾಸ, ಜಿಎಸ್‌ಟಿ ಸೇರಿಸಿ 8,024. ಕಾರು ಹಳತಾದಂತೆ ಮೂಲ ಪ್ರೀಮಿಯಂ ಇಳಿಯುತ್ತದೆ, ಹಾಗಾಗಿ ಇನ್ನೂ ಸ್ವಲ್ಪ ಕಡಿಮೆಯೇ ಇರಬಹುದು.

13,300ರಲ್ಲಿ 8,024 ಕಳೆದರೆ 5,276. ಪಾಲಿಸಿ ತಪ್ಪಿದ್ದರಿಂದ ಆದ ನಿಜವಾದ ನಷ್ಟ ಅಷ್ಟು. ರಿಕ್ಷಾ ಖರ್ಚು ಎರಡೂ ದಾರಿಯಲ್ಲಿ ಇತ್ತು. ಬಾನೆಟ್ ಗುಳಿ ಒಂದೇ ಆಗಿದ್ದರೆ, ಪಾಲಿಸಿ ಇದ್ದರೂ ನಾನು ಕ್ಲೇಮ್ ಮಾಡಲು ಬಿಡುತ್ತಿರಲಿಲ್ಲ. 5,500 ಪಡೆಯಲು 8,024 ಬಿಡುವ ವ್ಯಾಪಾರ ಅದು. ಸಣ್ಣ ಗೀರಿಗೆಲ್ಲ “ಇನ್ಶೂರೆನ್ಸಿಗೆ ಹಾಕುವ” ಅನ್ನುವ ಗ್ಯಾರೇಜುಗಳ ಮಾತಿಗೆ ಈ ಲೆಕ್ಕ ಮಾಡಿಯೇ ತಲೆ ಆಡಿಸಬೇಕು.

2025ರ ಮೇ

ಒಂದು ತೊಡಕು ಉಳಿದಿತ್ತು. ಹೊಸ ಓನ್ ಡ್ಯಾಮೇಜ್ ಮುಗಿಯುವುದು 2025ರ ಜುಲೈ 26ಕ್ಕೆ. ಥರ್ಡ್ ಪಾರ್ಟಿ ಮುಗಿಯುವುದು ಜೂನ್ 12ಕ್ಕೆ. ಎರಡು ತಾರೀಕಿನ ನಡುವೆ 44 ದಿನದ ಅಂತರ ಈಗ ಕಾಗದದಲ್ಲೇ ಕೂತುಬಿಟ್ಟಿತ್ತು. ಓನ್ ಡ್ಯಾಮೇಜ್ ಪಾಲಿಸಿ ಮಾತ್ರ ಕೈಯಲ್ಲಿಟ್ಟುಕೊಂಡು ಓಡಿಸಿದರೆ ಈ ಸಲ ದಂಡ ಬೀಳುತ್ತಿತ್ತು.

ಅಕ್ಕ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಎರಡೂ ದಿನಕ್ಕೆ ಒಂದು ತಿಂಗಳು ಮೊದಲೇ ವೃತ್ತ ಹಾಕಿದ್ದಳು. ಹಾಲಿನವರ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಏಕಾದಶಿ ಎಲ್ಲದರ ನಡುವೆ. ಮೇ ಎರಡನೇ ವಾರ ನನಗೆ ಅವಳಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಕಂಪನಿಯ ಮೆಸೇಜ್, ಅವಳದ್ದೇ ನಂಬರಿಗೆ ಬಂದದ್ದು. ಕೆಳಗೆ ಒಂದು ಸಾಲು: “ಇದು ಯಾವುದರದ್ದು, ಊರವರದ್ದಾ, ನಮ್ಮದಾ?”

ಊರವರದ್ದು, ಅಂದರೆ ಥರ್ಡ್ ಪಾರ್ಟಿಯದ್ದು ಅಂತ ಬರೆದೆ. 1000ದಿಂದ 1500 ಸಿಸಿಯ ಖಾಸಗಿ ಕಾರಿಗೆ 2022ರ ಜೂನ್‌ನಿಂದ ಒಂದು ವರ್ಷದ ಥರ್ಡ್ ಪಾರ್ಟಿ ದರ 3,416. ಜಿಎಸ್‌ಟಿ ಸೇರಿ 4,031. ಯಾವ ಕಂಪನಿಯಲ್ಲಿ ಕೇಳಿದರೂ ಈ ದರ ಒಂದೇ, ಚೌಕಾಸಿ ಇಲ್ಲ. ಭಾವನ ಅಪಘಾತ ವಿಮೆಗೆ ಇನ್ನಷ್ಟು. ಪಾನ್ ನಂಬರು ಅವಳ ಫೋನಿನಲ್ಲೇ ಬರೆದಿಟ್ಟದ್ದಿತ್ತು. ಮಗಳ ಡ್ಯಾನ್ಸ್ ಕ್ಲಾಸಿನ ಹೊರಗೆ ಕಾರಿನಲ್ಲಿ ಕೂತೇ ಕಟ್ಟಿ ಮುಗಿಸಿದಳು.

“ಇನ್ನೊಂದು ಜುಲೈಯಲ್ಲಿ,” ಅಂತ ಮತ್ತೆ ಮೆಸೇಜ್ ಬಂತು. “ಮತ್ತೆ ಆ ಕಾಯಿ ಕೀಳುವವರ ನಂಬರ್ ಕೊಡು ಮಾರಾಯ, ಹೋದ ವರ್ಷದಿಂದ ಕೇಳ್ತಾ ಇದ್ದೇನೆ.”